ದಸರಾವರೆಗಿನ ಮನೆ

ಮಡಿಕೇರಿ ಬಸ್ ನಿಲ್ದಾಣದಲ್ಲಿ ನಾನು ಇಳಿದದ್ದು 2024ರ ಜುಲೈ ಎರಡನೇ ವಾರದಲ್ಲಿ, ಒಂದು ಸೂಟ್‌ಕೇಸು, ಒಂದು ಪ್ಲಾಸ್ಟಿಕ್ ಬಕೆಟ್ಟು ಮತ್ತು ವರ್ಗಾವಣೆ ಆದೇಶದ ಮೂರು ಜೆರಾಕ್ಸ್ ಪ್ರತಿಗಳ ಜೊತೆಗೆ. ಕೊಡೆ ಬಿಚ್ಚುವ ಮೊದಲೇ ಇಬ್ಬರು ಹತ್ತಿರ ಬಂದು, ‘ಹೋಂಸ್ಟೇ ಬೇಕೇ ಮೇಡಂ?’ ಎಂದು ಕೇಳಿದರು. ‘ಮನೆ ಬೇಕು’ ಎಂದೆ. ‘ಪೂರ್ತಿ ಮನೆಯೇ ಇದೆ, ಎರಡು ಬೆಡ್‌ರೂಮು. ಎಷ್ಟು ದಿನಕ್ಕೆ?’ ಎಂದರು. ‘ಮೂರು ವರ್ಷಕ್ಕೆ’ ಎಂದೆ. ಒಬ್ಬ ನಕ್ಕ. ಇನ್ನೊಬ್ಬ ನನ್ನ ಬಕೆಟ್ಟು ನೋಡಿದ. ಪ್ರವಾಸಕ್ಕೆ ಬಂದವರು ಬಕೆಟ್ಟು ತರುವುದಿಲ್ಲ ಎಂಬುದು ಅವನಿಗೆ ಆಗಲೇ ಹೊಳೆದಿರಬೇಕು.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ಚನ್ನರಾಯಪಟ್ಟಣದಿಂದ ವರ್ಗವಾಗಿ ಬಂದವಳು. ಯಜಮಾನರ ಕೆಲಸ ಅಲ್ಲೇ, ಮಗಳು ಹಾಸನದ ಹಾಸ್ಟೆಲಿನಲ್ಲಿ. ನನ್ನ ಜೊತೆ ಬರಲು ಒಪ್ಪಿದವಳು ಅಮ್ಮ ಒಬ್ಬಳೇ. ಅವಳಿಗೆ ಬೇಕಾಗಿದ್ದದ್ದು ಎರಡೇ: ಮೆಟ್ಟಿಲು ಹತ್ತದ ಮನೆ, ದೇವರನ್ನು ಇಡಲು ಪೂರ್ವಕ್ಕೆ ಮುಖವಾದ ಒಂದು ಗೂಡು. ಇಷ್ಟು ಸಣ್ಣ ಪಟ್ಟಿ ಹಿಡಿದು ಹೊರಟವರಿಗೆ ಮನೆ ಸಿಗದೇ ಇರುತ್ತದೆಯೇ ಎಂದುಕೊಂಡಿದ್ದೆ.

ಸಿಕ್ಕಿತು. ಅದೂ ನಾಲ್ಕೇ ದಿನದಲ್ಲಿ. ಕಚೇರಿಯ ಡಿ ಗ್ರೂಪ್ ನೌಕರರೊಬ್ಬರು ಕರೆದುಕೊಂಡು ಹೋಗಿ ತೋರಿಸಿದರು. ಇಳಿಜಾರಿನ ಬೀದಿ, ಕೆಂಪು ಹೆಂಚಿನ ಮನೆ. ಮಾಲೀಕರಾದ ಹಿರಿಯ ಹೆಂಗಸು ಮೇಲಿನ ಅಂತಸ್ತಿನಲ್ಲಿ ಒಬ್ಬರೇ ಇದ್ದರು, ಕೆಳಗಿನದು ಖಾಲಿ. ಬಾಡಿಗೆ 11,000, ಮುಂಗಡ 50,000. ಎರಡು ಬೆಡ್‌ರೂಮು, ಎರಡರಲ್ಲೂ ಮಂಚ, ಎರಡಕ್ಕೂ ಬೇರೆ ಬೇರೆ ಗೀಸರು. ಬಾಡಿಗೆ ಮನೆಯಲ್ಲಿ ಇಷ್ಟೆಲ್ಲ ಏಕಿದೆ ಎಂದು ನಾನು ಆಗ ಯೋಚಿಸಬೇಕಿತ್ತು. ಬಾಗಿಲ ಹಿಂದೆ ವೈಫೈ ಪಾಸ್‌ವರ್ಡ್ ಬರೆದ ಚೀಟಿ ಅಂಟಿಸಿತ್ತು. ಅದನ್ನೂ ನೋಡಿ ಖುಷಿಪಟ್ಟೆನೇ ಹೊರತು ಯೋಚಿಸಲಿಲ್ಲ.

‘ಕರಾರು ಪತ್ರ ಮಾಡಿಸೋಣವೇ ಆಂಟಿ?’ ಎಂದು ಕೇಳಿದೆ. ‘ಅದೆಲ್ಲ ಯಾಕೆ ಮೇಡಂ, ನೀವು ಸರ್ಕಾರಿ ನೌಕರರು, ನಂಬಿಕೆ ಸಾಕು’ ಎಂದರು. ದಿನಕ್ಕೆ ಹತ್ತು ಕಡತಗಳಲ್ಲಿ ‘ದಾಖಲೆ ಲಗತ್ತಿಸಿಲ್ಲ’ ಎಂದು ಷರಾ ಬರೆಯುವವಳು ನಾನು. ಆ ಮಾತಿಗೆ ಕರಗಿ ಸುಮ್ಮನಾದೆ.

ಮಡಿಕೇರಿಯ ಜುಲೈ ಎಂದರೆ ಒಗೆದ ಬಟ್ಟೆ ಮೂರನೇ ದಿನವೂ ತಣ್ಣಗೆ ನೇತಾಡುವ ಜುಲೈ. ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೆ ಬೂಷ್ಟು. ಕರೆಂಟು ಹೋದರೆ ಬರುವ ಗ್ಯಾರಂಟಿ ಇಲ್ಲ. ಆದರೂ ಅಮ್ಮನಿಗೆ ಮನೆ ಹಿಡಿಸಿತು. ಅಂಗಳದ ಮೂಲೆಯಲ್ಲಿ ದೊಡ್ಡಪತ್ರೆಯ ಕಡ್ಡಿ ಊರಿದಳು. ಆ ಮಳೆಗೆ ಅದು ಹದಿನೈದೇ ದಿನದಲ್ಲಿ ಚಿಗುರಿ ಹಬ್ಬತೊಡಗಿತು. ಆಗಸ್ಟ್ 3ಕ್ಕೆ, ಕೊಡವರ ಕಕ್ಕಡ ಮಾಸದ ಹದಿನೆಂಟನೇ ದಿನ, ಆಂಟಿ ಮದ್ದುಸೊಪ್ಪಿನ ಪಾಯಸ ತಂದುಕೊಟ್ಟರು. ನೇರಳೆ ಬಣ್ಣ, ಕಾಡಿನ ವಾಸನೆ. ಅಮ್ಮ ಮೊದಲು ಅನುಮಾನಿಸಿ, ಆಮೇಲೆ ಎರಡನೇ ಬಟ್ಟಲು ಕೇಳಿದಳು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ಕಡುಬು ಬಂತು. ನಾವು ಗೌರಿಗೆ ಮಾಡಿದ ಒಬ್ಬಟ್ಟು ಮೇಲಕ್ಕೆ ಹೋಯಿತು.

ಗಣೇಶನನ್ನು ಬಿಟ್ಟ ಮಾರನೇ ದಿನ ಆಂಟಿ ಕೆಳಗೆ ಬಂದರು. ಕೈಯಲ್ಲಿ ಬಟ್ಟಲಿರಲಿಲ್ಲ, ಒಂದು ನೋಟ್‌ಬುಕ್ ಇತ್ತು.

‘ಮೇಡಂ, ದಸರಾಕ್ಕೆ ಬುಕಿಂಗ್ ಶುರುವಾಗಿದೆ. ನಿಮಗೆ ಹೇಳಿದ್ದರಲ್ಲ?’

ನನಗೆ ಯಾರೂ ಹೇಳಿರಲಿಲ್ಲ. ಮನೆ ತೋರಿಸಿದ ನಮ್ಮ ಡಿ ಗ್ರೂಪ್ ನೌಕರರಿಗೆ ಅದು ಹೇಳಬೇಕಾದ ವಿಷಯ ಎಂದೇ ಅನ್ನಿಸಿರಲಿಲ್ಲ. ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆ. ಆ ನಾಲ್ಕು ತಿಂಗಳು ಮನೆ ಖಾಲಿ ಬಿಟ್ಟರೆ ಗೋಡೆಗೆ ಪಾಚಿ ಕಟ್ಟುತ್ತದೆ, ಮಂಚಕ್ಕೆ ಬೂಷ್ಟು ಹಿಡಿಯುತ್ತದೆ. ಒಳಗೆ ಒಲೆ ಉರಿಸುವ, ಕಿಟಕಿ ತೆರೆದು ಮುಚ್ಚುವ ಜನ ಇದ್ದರೆ ಮನೆ ಬದುಕುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮಂಥವರಿಗೆ ಕೊಡುತ್ತಾರೆ. ನಾವು ಬಾಡಿಗೆದಾರರು ಎಂದುಕೊಂಡಿದ್ದೆವು. ಅಸಲಿಗೆ ಮನೆಯ ತೇವ ಆರಿಸುವ ಕೆಲಸದಲ್ಲಿದ್ದೆವು, ಅದಕ್ಕೆ ನಾವೇ 11,000 ಕೊಡುತ್ತಿದ್ದೆವು.

ಆಂಟಿ ನೋಟ್‌ಬುಕ್ ತೆರೆದು ತೋರಿಸಿದರು. ಮುಚ್ಚಿಡುವ ಸ್ವಭಾವದವರಲ್ಲ. ನೀಲಿ ಇಂಕಿನಲ್ಲಿ ಹಿಂದಿನ ವರ್ಷದ ಲೆಕ್ಕ: ಶುಕ್ರವಾರ, ಶನಿವಾರ, ಶುಕ್ರವಾರ, ಶನಿವಾರ ಎಂದು ಪುಟಗಟ್ಟಲೆ. ಒಂದು ರೂಮಿಗೆ ರಾತ್ರಿಗೆ 2,500. ಎರಡು ರೂಮು, ಎರಡು ರಾತ್ರಿ ಎಂದರೆ 10,000. ನಾನು ತಿಂಗಳಿಡೀ ಇದ್ದು ಕೊಡುವುದನ್ನು ಹೆಚ್ಚುಕಡಿಮೆ ಬೆಂಗಳೂರಿನ ಎರಡು ಜೋಡಿಗಳು ಒಂದು ವಾರಾಂತ್ಯದಲ್ಲಿ ಕೊಟ್ಟು ಹೋಗುತ್ತಾರೆ. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ಖರ್ಚು: ಆ್ಯಪಿನವರ ಕಮಿಷನ್, ಗುಡಿಸಿ ಒರೆಸುವವಳ ಕೂಲಿ, ಲಾಂಡ್ರಿ, ಬೆಳಗಿನ ಕಡುಬಿಗೆ ತರಿ ಅಕ್ಕಿ. ಕಡೆಯ ಪುಟದಲ್ಲಿ ಹೆಂಚು ಬದಲಿಸಲು ಮಾಡಿದ ಸಾಲದ ಕಂತು. ‘ಮನೆಯವರ ಪಿಂಚಣಿ ಅರ್ಧ ಬರುತ್ತದೆ. ತೋಟ ಮೈದುನನ ಕೈಯಲ್ಲಿದೆ. ಈ ಎರಡು ರೂಮೇ ನನ್ನ ತೋಟ ಮೇಡಂ’ ಎಂದರು. ಲೆಕ್ಕಪತ್ರ ನೋಡಿ ಅಭ್ಯಾಸವಿರುವ ನನಗೆ ಅದರಲ್ಲಿ ಆಕ್ಷೇಪಣೆ ಎತ್ತುವ ಒಂದು ಸಾಲೂ ಕಾಣಲಿಲ್ಲ.

ವಿಜಯದಶಮಿ ಅಕ್ಟೋಬರ್ 12. ಕರಗ ಹೊರಡುವ ದಿನದಿಂದಲೇ ಊರಿಗೆ ಜನ ಬರತೊಡಗುತ್ತಾರೆ, ಹತ್ತು ದೇವಸ್ಥಾನಗಳ ದಶಮಂಟಪಗಳು ಹೊರಡುವ ಆ ಕೊನೆಯ ರಾತ್ರಿಗಂತೂ ಕಾಲಿಡಲು ಜಾಗವಿರುವುದಿಲ್ಲ. ನವರಾತ್ರಿಯೊಳಗೆ ಮನೆ ಬಿಟ್ಟುಕೊಡಬೇಕು. ನವರಾತ್ರಿಗೆ ಮೊದಲಿನ ಹದಿನೈದು ದಿನ ಪಿತೃಪಕ್ಷ. ‘ಪಕ್ಷದಲ್ಲಿ ಮನೆ ಬದಲಿಸುವುದು ಎಲ್ಲಾದರೂ ಉಂಟೇ?’ ಎಂದು ಅಮ್ಮ ಅಂದು ರಾತ್ರಿ ಊಟ ಮಾಡಲಿಲ್ಲ.

ಆಗ ಶುರುವಾಯಿತು ನಿಜವಾದ ಹುಡುಕಾಟ. ದಿನವೂ ಸಂಜೆ ಐದೂವರೆಗೆ ಕಚೇರಿ ಬಿಟ್ಟು, ಕತ್ತಲಾಗುವವರೆಗೆ ನಡೆದೆ. ಕಾಲೇಜು ರಸ್ತೆ, ಮಹದೇವಪೇಟೆ, ರಾಣಿಪೇಟೆ, ದೇಚೂರು, ಗದ್ದಿಗೆಯ ಕಡೆ. ಒಂದು ವಾರದಲ್ಲಿ ಒಂದು ವಿದ್ಯೆ ಕಲಿತೆ: ಗೇಟಿನ ಬೋರ್ಡು ನೋಡಬಾರದು, ತಾರಸಿ ನೋಡಬೇಕು. ಸಂಸಾರಸ್ಥರ ಮನೆಯ ಹಗ್ಗದಲ್ಲಿ ಒಂದು ಲಂಗ, ಒಂದು ಟವೆಲು, ಶಾಲೆಯ ಸಮವಸ್ತ್ರ ಹೀಗೆ ಬಣ್ಣಬಣ್ಣದ್ದು ಇರುತ್ತದೆ. ಒಂದೇ ಅಳತೆಯ ಎಂಟು ಬಿಳಿ ಬೆಡ್‌ಶೀಟು ಸಾಲಾಗಿ ನೇತಾಡುತ್ತಿದ್ದರೆ ಆ ಮನೆಯ ಬಾಗಿಲು ತಟ್ಟುವುದು ವ್ಯರ್ಥ. ಒಂದು ಬೀದಿಯಲ್ಲಿ ಹನ್ನೊಂದು ಮನೆ ಎಣಿಸಿದೆ, ಆರರಲ್ಲಿ ಬಿಳಿ ಬೆಡ್‌ಶೀಟು. ಅಂದು ಮಂಗಳವಾರ. ಆ ಆರರಲ್ಲಿ ಐದಕ್ಕೆ ಬೀಗ. ಒಂದರ ಬಾಗಿಲ ಪಕ್ಕ, ಅಂಕಿ ಒತ್ತಿದರೆ ತೆರೆದುಕೊಳ್ಳುವ ಪುಟ್ಟ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಕೀಲಿ. ಆ ಮನೆಗೆ ಮಾಲೀಕರೂ ಬರುವುದಿಲ್ಲ, ಬೀದಿಯವರು ಅವರ ಮುಖವನ್ನೇ ನೋಡಿಲ್ಲ.

ಊರಿನಲ್ಲಿ ಮನೆಗಳಿಲ್ಲ ಎಂಬುದು ಸುಳ್ಳು ಎಂದು ನನಗೆ ಗೊತ್ತಾದದ್ದು ಆ ಮಂಗಳವಾರ. ಮನೆಗಳಿವೆ. ಸೋಮವಾರದಿಂದ ಗುರುವಾರದವರೆಗೆ ಖಾಲಿಯಾಗಿಯೂ ಇವೆ. ಆದರೆ ವಾರದ ಎರಡು ರಾತ್ರಿಯ ಗಳಿಕೆ ಉಳಿದ ಐದು ರಾತ್ರಿಗಳ ಬೀಗವನ್ನು ಸಾಕುತ್ತದೆ. 2011ರ ಜನಗಣತಿಯ ಪ್ರಕಾರ ಸುಮಾರು 33 ಸಾವಿರ ಜನರಿರುವ ಊರು ಇದು. ಬೀದಿಗೆ ಐದಾರು ಮನೆ ಈ ಕಡೆ ವಾಲಿದರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕಾಧಿಕಾರಿ ಬೇಕಿಲ್ಲ.

ನೋಡಿದ ಮನೆಗಳಲ್ಲಿ ಮೂರನ್ನು ಮರೆಯಲಾರೆ. ಮೊದಲನೆಯವರು ಬಾಡಿಗೆ 9,000 ಎಂದು ಒಪ್ಪಿ, ಹೊರಡುವಾಗ ಒಂದು ಷರತ್ತು ಸೇರಿಸಿದರು: ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ, ಆಮೇಲೆ ಏಪ್ರಿಲ್–ಮೇ ಎರಡು ತಿಂಗಳು ನಾವು ‘ಊರಿಗೆ ಹೋಗಿರಬೇಕು’. ಸಾಮಾನು ಒಂದು ರೂಮಿನಲ್ಲಿಟ್ಟು ಬೀಗ ಹಾಕಿಕೊಳ್ಳಬಹುದಂತೆ, ಆ ರೂಮಿಗೆ ಬಾಡಿಗೆ ಬೇಡವಂತೆ. ಅದನ್ನು ಅವರು ಉದಾರತೆ ಎಂದೇ ಭಾವಿಸಿದ್ದರು. ಎರಡನೆಯದು ಧರೆಗೆ ಆತುಕೊಂಡ ನೆಲಮಾಳಿಗೆ. ಹಿಂದಿನ ಗೋಡೆಗೆ ಕೈಯಿಟ್ಟರೆ ಅಂಗೈ ಒದ್ದೆ. 2018ರ ಆಗಸ್ಟಿನಲ್ಲಿ ಇದೇ ಊರಿನ ಇಳಿಜಾರುಗಳು ಹೇಗೆ ಜಾರಿದವು ಎಂಬುದನ್ನು ಟಿವಿಯಲ್ಲಿ ನೋಡಿದವಳು ನಾನು. ಬಾಡಿಗೆ 12,000 ಎಂದರು. ಅಮ್ಮ ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತು, ‘ಮಣ್ಣು ಉಸಿರಾಡುವುದು ಕೇಳಿಸುತ್ತದೆ, ನಡಿ’ ಎಂದಳು. ಮೂರನೆಯದು ಚೆನ್ನಾಗಿತ್ತು. ಅದನ್ನು ಬೆಂಗಳೂರಿನವರೊಬ್ಬರು ಐದು ವರ್ಷಕ್ಕೆ ಲೀಸಿಗೆ ಹಿಡಿದಿದ್ದರು, ಇಂಥ ಏಳೆಂಟು ಮನೆ ನಡೆಸುತ್ತಾರಂತೆ. ಫೋನಿನಲ್ಲಿ ಬಹಳ ಮರ್ಯಾದೆಯಿಂದ, ‘ತಿಂಗಳಿಗೆ 45 ಸಾವಿರ ಆಗುತ್ತದೆ ಮೇಡಂ, ನಿಮಗಾದರೆ 40’ ಎಂದರು.

ನನಗೆ ಬರುವ ಮನೆ ಬಾಡಿಗೆ ಭತ್ಯೆಯ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 2024ರ ಆಗಸ್ಟಿನಿಂದ ಹೊಸ ವೇತನ ಶ್ರೇಣಿ ಬಂತು. ಭತ್ಯೆ ಊರಿನ ಜನಸಂಖ್ಯೆಯ ಮೇಲೆ ನಿಗದಿಯಾಗುತ್ತದೆ: ಬೆಂಗಳೂರಿನಂಥ ದೊಡ್ಡ ನಗರಕ್ಕೆ ಮೂಲ ವೇತನದ ಶೇ 20, ನಡುವಿನ ನಗರಗಳಿಗೆ ಶೇ 15, ಉಳಿದ ಎಲ್ಲ ಊರಿಗೆ ಶೇ 7.5. ನನ್ನ ಮೂಲ ವೇತನ ಹೆಚ್ಚುಕಡಿಮೆ 50 ಸಾವಿರ, ಭತ್ಯೆ 3,750. ಸರ್ಕಾರದ ಕಣ್ಣಿಗೆ ಮಡಿಕೇರಿ ಸಣ್ಣ ಊರು. ಜನಗಣತಿಯವರು ಶನಿವಾರ ರಾತ್ರಿ ಬಂದು ತಲೆ ಎಣಿಸಿದ್ದರೆ ಕಥೆ ಬೇರೆಯಾಗುತ್ತಿತ್ತು. ಬಾಡಿಗೆ ಏರುವುದು ಬಂದುಹೋಗುವವರ ಲೆಕ್ಕದಲ್ಲಿ, ಭತ್ಯೆ ಬರುವುದು ಉಳಿದವರ ಲೆಕ್ಕದಲ್ಲಿ. ಸರ್ಕಾರಿ ವಸತಿಗೃಹಕ್ಕೂ ಅರ್ಜಿ ಹಾಕಿದೆ. ಜ್ಯೇಷ್ಠತಾ ಪಟ್ಟಿಯಲ್ಲಿ ನನ್ನ ಹೆಸರು ಎಷ್ಟು ಕೆಳಗಿತ್ತೆಂದರೆ, ಆ ಹಾಳೆಯನ್ನು ತಿರುಗಿಸಬೇಕಾಯಿತು.

ಕಾನೂನಿನಲ್ಲಿ ಏನಾದರೂ ದಾರಿಯುಂಟೇ ಎಂದು ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ಅವರು ನಕ್ಕರು. ಕರ್ನಾಟಕ ಬಾಡಿಗೆ ಕಾಯ್ದೆ 1999ರದು. ತಿಂಗಳ ಬಾಡಿಗೆ ದೊಡ್ಡ ಊರುಗಳಲ್ಲಿ 3,500, ಉಳಿದೆಡೆ 2,000 ರೂಪಾಯಿ ಮೀರಿದರೆ ಆ ಮನೆಗೆ ಕಾಯ್ದೆಯ ರಕ್ಷಣೆಯೇ ಇಲ್ಲ. ‘ಇವತ್ತು 2,000ಕ್ಕೆ ದನದ ಕೊಟ್ಟಿಗೆಯೂ ಸಿಗುವುದಿಲ್ಲ. ಅಂದರೆ ನಿಮಗೆ ಉಳಿದದ್ದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಪತ್ರವಿಲ್ಲದ ತಿಂಗಳ ಬಾಡಿಗೆಗೆ 15 ದಿನದ ನೋಟಿಸು ಸಾಕು. ನಿಮ್ಮ ಆಂಟಿ ಇಪ್ಪತ್ತು ದಿನ ಕೊಟ್ಟಿದ್ದಾರೆ, ಒಳ್ಳೆಯವರೇ’ ಎಂದರು. ಹನ್ನೊಂದು ತಿಂಗಳ ಕರಾರು ಪತ್ರವಿದ್ದಿದ್ದರೆ ಕನಿಷ್ಠ ಜೂನ್‌ವರೆಗೆ ಕೂತಿರಬಹುದಿತ್ತು. ಆ ಪತ್ರ ಕೊಡದಿರುವುದೇ ಮಳೆಗಾಲದ ಬಾಡಿಗೆಯ ಗುಟ್ಟು.

ಹೋಂಸ್ಟೇ ಎಂಬ ಪದದ ಬಗ್ಗೆ ಆ ದಿನಗಳಲ್ಲಿ ನನಗೆ ತುಂಬ ಸಿಟ್ಟು ಬರುತ್ತಿತ್ತು. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಯೋಜನೆಯಲ್ಲಿ ಅದರ ಅರ್ಥ ಸ್ಪಷ್ಟವಾಗಿದೆ: ಮಾಲೀಕರು ಕುಟುಂಬದೊಂದಿಗೆ ಅದೇ ಮನೆಯಲ್ಲಿ ವಾಸವಿರಬೇಕು, ಅತಿಥಿಗಳಿಗೆ ಒಂದರಿಂದ ಆರು ಕೋಣೆ ಕೊಡಬಹುದು. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರಿನಿಂದ ಬಿಗಿಗೊಳಿಸಿದ ನಿಯಮದ ತಿರುಳೂ ಇದೇ: 30 ದಿನಕ್ಕಿಂತ ಕಡಿಮೆ ಅವಧಿಗೆ ಅತಿಥಿಗಳನ್ನು ಇಟ್ಟುಕೊಳ್ಳುವವರು ನೋಂದಾಯಿಸಿಕೊಳ್ಳಬೇಕು, ಅತಿಥಿ ಇರುವಷ್ಟು ದಿನ ತಾವೂ ಅಲ್ಲೇ ಇರಬೇಕು. ಬಾರ್ಸೆಲೋನಾ ಇನ್ನೂ ಮುಂದೆ ಹೋಗಿ, 10,101 ಪ್ರವಾಸಿ ಫ್ಲ್ಯಾಟ್‌ಗಳ ಪರವಾನಗಿಯನ್ನು 2028ರ ನವೆಂಬರ್ ಹೊತ್ತಿಗೆ ನವೀಕರಿಸದೆ ಬಿಡುವುದಾಗಿ 2024ರ ಜೂನ್‌ನಲ್ಲಿ ಘೋಷಿಸಿದೆ. ನಮ್ಮಲ್ಲಿ ಹೊಸ ನಿಯಮವೇ ಬೇಕಿಲ್ಲ. ‘ಹೋಂ’ ಎಂಬುದರ ಅರ್ಥ ಹಿಡಿದು ಬೀದಿ ಸುತ್ತಿದರೆ ಸಾಕು, ಆ ಕಬ್ಬಿಣದ ಪೆಟ್ಟಿಗೆಯ ಮನೆಗಳೆಲ್ಲ ಪಟ್ಟಿಯಿಂದ ಬಿದ್ದುಹೋಗುತ್ತವೆ. ವಿಚಿತ್ರವೆಂದರೆ ನನ್ನನ್ನು ಬಿಡಿಸಿದ ಆಂಟಿಯದ್ದು ಈ ವ್ಯಾಖ್ಯೆಗೆ ಅಪ್ಪಟವಾಗಿ ಒಪ್ಪುವ ಹೋಂಸ್ಟೇ. ಅವರು ಮೇಲೆಯೇ ಇರುತ್ತಾರೆ, ಕಡುಬು ತಾವೇ ಬೇಯಿಸುತ್ತಾರೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟು ಪ್ರಯತ್ನಿಸಿದರೂ ಅದು ಆ ಬೀಗದ ಮನೆಗಳ ಕಡೆಗೇ ಜಾರುತ್ತಿತ್ತು.

ಕೊನೆಗೆ ಸುಂಟಿಕೊಪ್ಪದಲ್ಲಿ ಮನೆ ಸಿಕ್ಕಿತು. ಮಡಿಕೇರಿಯಿಂದ ಕುಶಾಲನಗರದ ದಾರಿಯಲ್ಲಿ ಸುಮಾರು 15 ಕಿಲೋಮೀಟರ್ ಕೆಳಗೆ. ಬಾಡಿಗೆ 7,500, ಒಂದೇ ಬೆಡ್‌ರೂಮು, ಪೂರ್ವದ ಗೂಡಿಲ್ಲ. ಹನ್ನೊಂದು ತಿಂಗಳ ಕರಾರು ಪತ್ರ, ಈ ಸಲ ನಾನೇ ಛಾಪಾ ಕಾಗದ ಕೊಂಡು ಹೋಗಿದ್ದೆ. ಮಹಾಲಯ ಅಮಾವಾಸ್ಯೆಗೆ ಮೂರು ದಿನ ಮೊದಲು, ಪಕ್ಷದಲ್ಲೇ, ಪಿಕಪ್‌ನಲ್ಲಿ ಸಾಮಾನು ಸಾಗಿತು. ಅಮ್ಮ ಆ ದಿನ ಹಾಲು ಉಕ್ಕಿಸಲಿಲ್ಲ. ‘ಈಗ ಬರೀ ಸಾಮಾನು ಬಂದಿದೆ. ನಾವು ಬರುವುದು ಪಾಡ್ಯಕ್ಕೆ’ ಎಂದು ನಾಲ್ಕು ರಾತ್ರಿ ಆ ಮನೆಯಲ್ಲೇ ಮಲಗಿ, ಐದನೆಯ ದಿನ ಬೆಳಗ್ಗೆ ಅಂಗಳಕ್ಕೆ ಇಳಿದು, ಬಲಗಾಲಿಟ್ಟು ಒಳಗೆ ಬಂದಳು. ಪಿತೃಗಳು ಒಪ್ಪಿದರೋ ಇಲ್ಲವೋ ತಿಳಿಯದು.

ಬೆಳಗಿನ ಬಸ್ಸಿನಲ್ಲಿ ನನ್ನಂಥವರು ತುಂಬ ಜನ. ಆಸ್ಪತ್ರೆಯ ಆಯಾ, ಬಟ್ಟೆ ಅಂಗಡಿಯ ಹುಡುಗಿಯರು, ಒಬ್ಬ ಪೊಲೀಸ್ ಪೇದೆ, ಹೋಟೆಲಿನ ಅಡುಗೆಯವರು. ಸಾರಿಗೆ ಸಂಸ್ಥೆಯ ಬಸ್ಸು ಸಿಕ್ಕಿದರೆ ಹೆಂಗಸರಿಗೆ ಶಕ್ತಿ ಯೋಜನೆಯ ಟಿಕೆಟ್ಟು, ಖಾಸಗಿ ಬಸ್ಸು ಬಂದರೆ ಕೈಯಿಂದ ದುಡ್ಡು. ನನ್ನ ಪಕ್ಕ ಕೂರುವವಳು ಹೋಂಸ್ಟೇಗಳಲ್ಲಿ ಕ್ಲೀನಿಂಗ್ ಮಾಡುವಾಕೆ, ಒಟ್ಟು ಆರು ಮನೆ. ಹುಟ್ಟಿ ಬೆಳೆದದ್ದು ಮಡಿಕೇರಿಯಲ್ಲೇ. ಅವಳಿದ್ದ ವಠಾರದ ಮಾಲೀಕರು ನಾಲ್ಕು ಮನೆಯ ನಡುಗೋಡೆ ಒಡೆದು ಎಂಟು ರೂಮು ಮಾಡಿದರು. ಈಗ ತಾನಿದ್ದ ಅಡುಗೆಮನೆಯ ಜಾಗದಲ್ಲಿರುವ ಬಾತ್‌ರೂಮನ್ನು ತಾನೇ ತೊಳೆಯುತ್ತಾಳೆ. ‘ಒಲೆ ಇದ್ದ ಕಡೆಯೇ ಕಮೋಡು ಕೂರಿಸಿದ್ದಾರೆ ಅಕ್ಕ’ ಎಂದು ಹೇಳಿ ಜೋರಾಗಿ ನಕ್ಕಳು. ನನಗೆ ನಗಲು ಸ್ವಲ್ಪ ಹೊತ್ತು ಹಿಡಿಯಿತು.

2020ರ ಲಾಕ್‌ಡೌನ್ ಸಮಯದಲ್ಲಿ ಪ್ರವಾಸಿಗರು ಬರುವುದು ನಿಂತಾಗ, ಅದೇ ವಠಾರದವರು ಫೋನ್ ಮಾಡಿ, ‘ರೂಮು ಖಾಲಿಯಿದೆ, ಬೇಕಾದರೆ ಬಂದಿರಿ’ ಎಂದು ಕರೆದಿದ್ದರಂತೆ. ಅವಳು ಹೋಗಲಿಲ್ಲ. ‘ಮತ್ತೆ ಕಾರು ಬರುವ ದಿನ ನಾವು ಇಳಿಯಬೇಕಲ್ಲ.’ ನಾನು ಇಪ್ಪತ್ತು ವರ್ಷದ ಸೇವೆಯಲ್ಲಿ ಕಲಿಯದಿದ್ದದ್ದು ಅವಳಿಗೆ ಆಗಲೇ ಗೊತ್ತಿತ್ತು.

ಶುಕ್ರವಾರ ಸಂಜೆ ನಾವು ಕೆಳಗಿಳಿಯುವಾಗ ಎದುರಿನಿಂದ ಕಾರುಗಳ ಸಾಲು ಮೇಲೆ ಹತ್ತುತ್ತಿರುತ್ತದೆ. ಕೆಎ 01, ಕೆಎ 03, ಕೆಎ 51. ತಿರುವಿನಲ್ಲಿ ಬಸ್ಸು ನಿಂತರೆ ಎರಡೂ ಕಡೆಯವರು ಕಿಟಕಿಯಿಂದ ಒಬ್ಬರನ್ನೊಬ್ಬರು ನೋಡುತ್ತೇವೆ. ಪಕ್ಕದವಳು ಕಾರುಗಳನ್ನು ಎಣಿಸುತ್ತಾಳೆ. ಸೋಮವಾರ ಎಷ್ಟು ಬೆಡ್‌ಶೀಟು ಎಂಬ ಅಂದಾಜು ಅವಳಿಗೆ ಅಲ್ಲೇ ಸಿಗುತ್ತದೆ.

ಮರುವರ್ಷ, 2025ರ ಜೂನ್ ಕೊನೆಗೆ, ನಮ್ಮ ಕಚೇರಿಗೆ ತುಮಕೂರಿನಿಂದ ಒಬ್ಬ ಹುಡುಗ ವರ್ಗವಾಗಿ ಬಂದ. ಮನೆ ಹುಡುಕಲು ಸಹಾಯ ಕೇಳುತ್ತಾನೆ ಎಂದು ಕಾಯುತ್ತಿದ್ದೆ. ಒಂದು ವಾರವಾದ ಮೇಲೆ ಅವನೇ ಮೇಜಿನ ಹತ್ತಿರ ಬಂದು, ‘ಮನೆ ಸಿಕ್ಕಿತು ಮೇಡಂ! ಮಡಿಕೇರಿಯಲ್ಲಿ ಸಿಗುವುದೇ ಇಲ್ಲ ಎಂದು ಎಲ್ಲರೂ ಹೆದರಿಸಿದ್ದರು. ಹೆಂಚಿನ ಮನೆ, ಎರಡು ಬೆಡ್‌ರೂಮು, ಮಂಚ ಗೀಸರು ಎಲ್ಲ ಇದೆ. ಮೇಲೆ ಒಬ್ಬರು ಆಂಟಿ, ಬಹಳ ಒಳ್ಳೆಯವರು. ಅಂಗಳದ ಮೂಲೆ ತುಂಬ ದೊಡ್ಡಪತ್ರೆ ಹಬ್ಬಿದೆ, ನಮ್ಮ ಅಮ್ಮನಿಗೆ ಅದನ್ನು ನೋಡಿಯೇ ಖುಷಿಯಾಯಿತು’ ಎಂದ.

‘ಈ ಸಲ ದಸರಾ ಯಾವಾಗ ನೋಡಿದಿರಾ?’ ಎಂದು ಕೇಳಿದೆ.

ಅವನು ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಮೇಲೆತ್ತಿ ನೋಡಿ, ಮುಖ ಸಣ್ಣದು ಮಾಡಿಕೊಂಡ. ‘ಅಯ್ಯೋ, ವಿಜಯದಶಮಿ ಅಕ್ಟೋಬರ್ 2ಕ್ಕೆ ಬಂದಿದೆಯಲ್ಲ ಮೇಡಂ. ಗಾಂಧಿ ಜಯಂತಿಯ ರಜೆ ಒಂದು ಹೋಯಿತು.’